ಸೊನ್ನೆ ಇರಬೇಕಾದ ಜಾಗದಲ್ಲಿ



ಮನೆಯ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ, ಒಳಗಿನ ಒಂದೆರಡು ಬಿಡಿಭಾಗ ಬದಲಿಸಿ, ಧ್ವನಿಯನ್ನು ಇನ್ನಷ್ಟು ಚೆಂದ ಮಾಡಬೇಕು ಎಂಬ ಆಸೆಯುಳ್ಳವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇವತ್ತಿನ ನನ್ನ ಮಾತು ಅವರಿಗಾಗಿ. ಬದಲಾವಣೆ ಮುಗಿಸಿ ಸ್ವಿಚ್ ಹಾಕುತ್ತೀರಿ. ಹಾಡು ಇನ್ನೂ ಹಚ್ಚಿಲ್ಲ, ವಾಲ್ಯೂಮ್ ಪೂರ್ತಿ ಇಳಿಸಿದೆ. ಆದರೂ ಸ್ಪೀಕರಿನ ಕಾಗದದ ಕೋನ್ ಮುಂದಕ್ಕೋ ಹಿಂದಕ್ಕೋ ಸರಿದು ಅಲ್ಲಿಯೇ ನಿಂತುಬಿಡುತ್ತದೆ. ಆಮೇಲೆ ಹಾಡು ಹಾಕಿದರೆ ಹಾಡೂ ಬರುತ್ತದೆ. ಹಾಡು ಬಂದಿತಲ್ಲ ಎಂದು ಅನೇಕರು ಮುಚ್ಚಳ ಹಾಕಿ ಸ್ಕ್ರೂ ಬಿಗಿಯುತ್ತಾರೆ. ದಯವಿಟ್ಟು ಬಿಗಿಯಬೇಡಿ.

ಹಾಡು ಎನ್ನುವುದು ತಂತಿಯಲ್ಲಿ ಸೊನ್ನೆಯ ಎರಡೂ ಕಡೆಗೆ ಓಲಾಡುವ ವಿದ್ಯುತ್ತು. ಮೇಲಕ್ಕೆ ಹೋದಷ್ಟೇ ಕೆಳಕ್ಕೂ ಬರುವುದರಿಂದ ಅದರ ಸರಾಸರಿ ಸೊನ್ನೆ. ಹಾಡು ನಿಂತಾಗ ಸ್ಪೀಕರಿನ ಎರಡು ತುದಿಗಳ ನಡುವೆ ಏನೂ ಉಳಿಯಬಾರದು. ಉಳಿದರೆ, ಅದು ಒಂದೇ ದಿಕ್ಕಿಗೆ ತಳ್ಳುತ್ತಿರುವ ಡಿ.ಸಿ. ವೋಲ್ಟೇಜು. ಕೆಲಸಗಾರರ ಬಾಯಲ್ಲಿ ಇದೇ ಡಿ.ಸಿ. ಆಫ್‌ಸೆಟ್.

ಇದು ಎಷ್ಟಿದ್ದರೆ ಅಪಾಯ ಎಂದು ತಿಳಿಯಲು ಸ್ಪೀಕರನ್ನೇ ಕೇಳಬೇಕು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ತೋರಿಸಿಕೊಟ್ಟ ಕ್ರಮದಲ್ಲಿಯೇ ಇವತ್ತಿನ ಬಹುಪಾಲು ಸ್ಪೀಕರುಗಳೂ ಕೆಲಸ ಮಾಡುತ್ತವೆ: ಅಯಸ್ಕಾಂತದ ಸಣ್ಣ ಸಂದಿನಲ್ಲಿ ಒಂದು ತೆಳು ತಂತಿಯ ಸುರುಳಿ, ಆ ಸುರುಳಿಗೆ ಅಂಟಿಕೊಂಡ ಕೋನ್. ಬೆನ್ನ ಮೇಲೆ 8 ಓಮ್ ಎಂದು ಬರೆದಿರುವ ಸ್ಪೀಕರನ್ನು ಮೀಟರಿನಿಂದ ಅಳೆದರೆ ಸಾಮಾನ್ಯವಾಗಿ 6 ಓಮಿನ ಆಸುಪಾಸು ತೋರಿಸುತ್ತದೆ. ಡಿ.ಸಿ. ಪಾಲಿಗೆ ಲೆಕ್ಕ ಆ 6 ಓಮಿನದೇ. 50 ಮಿಲಿವೋಲ್ಟ್ ಇದ್ದರೆ ಸುರುಳಿಯಲ್ಲಿ ಹುಟ್ಟುವ ಶಾಖ ಅರ್ಧ ಮಿಲಿವ್ಯಾಟ್ ಕೂಡ ಇಲ್ಲ, ಅದನ್ನು ಮರೆತುಬಿಡಬಹುದು. 2 ವೋಲ್ಟ್ ಇದ್ದರೆ ಆಂಪಿಯರಿನ ಮೂರನೇ ಒಂದು ಭಾಗ ಬಿಡದೆ ಹರಿಯುತ್ತದೆ. ಸುರುಳಿ ತನ್ನ ಜಾಗ ಬಿಟ್ಟು ಸರಿದಿರುತ್ತದೆ, ತಗ್ಗು ಸ್ವರಗಳು ಒಂದು ಬದಿಗೆ ಬೇಗ ತಗಲಿ ಒಡೆಯುತ್ತವೆ. ಒಳಗಿನ 35 ವೋಲ್ಟ್ ಸಪ್ಲೈ ಪೂರ್ತಿಯಾಗಿ ಸ್ಪೀಕರಿಗೆ ಹೋದರೆ? ಸುಮಾರು 6 ಆಂಪಿಯರ್, 200 ವ್ಯಾಟ್. ಹಾಡಿನ 200 ವ್ಯಾಟ್ ಬಂದು ಹೋಗುವಂಥದ್ದು, ಅದರಲ್ಲಿ ಕೋನ್ ಆಡುವುದರಿಂದ ಸುರುಳಿ ತಂಪೂ ಆಗುತ್ತದೆ. ಡಿ.ಸಿ.ಯ 200 ವ್ಯಾಟಿಗೆ ಬಿಡುವೇ ಇಲ್ಲ, ಕೋನಿಗೆ ಆಟವೂ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಸುರುಳಿ ಕರಕಲಾಗುತ್ತದೆ. ಕಾಗದಕ್ಕೆ ಬೆಂಕಿ ಹತ್ತುವುದೂ ಉಂಟು.

ನನ್ನ ಲೆಕ್ಕದಲ್ಲಿ 20 ಮಿಲಿವೋಲ್ಟಿನ ಒಳಗಿದ್ದರೆ ನಿಶ್ಚಿಂತೆ. 50ರವರೆಗೂ ಒಪ್ಪಬಹುದು. 100 ದಾಟಿತೋ, ಕಾರಣ ಹುಡುಕಲೇಬೇಕು.

ನಮ್ಮ ಅಪ್ಪಂದಿರ ಕಾಲದ ಬಹಳಷ್ಟು ಆಂಪ್ಲಿಫೈಯರುಗಳಲ್ಲಿ ಈ ತಲೆನೋವು ಇರಲಿಲ್ಲ. ವಾಲ್ವಿನ ಸೆಟ್ಟುಗಳಲ್ಲಿ ಸ್ಪೀಕರಿನ ಮುಂದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇತ್ತು, ಅದು ಡಿ.ಸಿ.ಯನ್ನು ದಾಟಿಸುವುದಿಲ್ಲ. 1956ರಲ್ಲಿ ಆರ್‌ಸಿಎ ಕಂಪನಿಯ ಹಂಗ್ ಚಾಂಗ್ ಲಿನ್ ಆ ಟ್ರಾನ್ಸ್‌ಫಾರ್ಮರಿನ ಹಂಗಿಲ್ಲದ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಪ್ರಕಟಿಸಿದರು. ಆಮೇಲೆ ಬಂದ ಒಂಟಿ ಸಪ್ಲೈಯ ಸೆಟ್ಟುಗಳಲ್ಲಿ, 2ಎನ್ 3055 ಹಾಕಿ ಕಟ್ಟುತ್ತಿದ್ದ ಎಷ್ಟೋ ಸೆಟ್ಟುಗಳಲ್ಲಿಯೂ, ಸ್ಪೀಕರಿನ ದಾರಿಯಲ್ಲಿ ದೊಡ್ಡ ಕೆಪಾಸಿಟರ್ ಕಾವಲಿಗೆ ನಿಂತಿತ್ತು. ಪ್ಲಸ್ ಮತ್ತು ಮೈನಸ್ ಎರಡೂ ಇರುವ ಸಪ್ಲೈ ಬಳಕೆಗೆ ಬಂದಾಗ ಆ ಕಾವಲುಗಾರನನ್ನೂ ಕಳಿಸಿದರು. ತಗ್ಗು ಸ್ವರ ಗಟ್ಟಿಯಾಯಿತು, ನಿಜ. ಆದರೆ ಸೊನ್ನೆಯನ್ನು ಸೊನ್ನೆಯಾಗಿಯೇ ಹಿಡಿದಿಡುವ ಹೊಣೆ ಸರ್ಕ್ಯೂಟಿನ ಮೇಲೆಯೇ ಬಿತ್ತು.

ಆ ಹೊಣೆ ಹೊರುವುದು ಇನ್‌ಪುಟ್ಟಿನಲ್ಲಿ ಅಕ್ಕಪಕ್ಕ ಕೂತ ಎರಡು ಟ್ರಾನ್ಸಿಸ್ಟರುಗಳ ಜೋಡಿ. ಇದೊಂದು ತಕ್ಕಡಿ. ಒಂದು ತಟ್ಟೆಯಲ್ಲಿ ಒಳಬರುವ ಸಿಗ್ನಲ್, ಇನ್ನೊಂದರಲ್ಲಿ ಔಟ್‌ಪುಟ್ಟಿನಿಂದ ಹಿಂದಕ್ಕೆ ಕಳಿಸಿದ ಪಾಲು. ಎರಡರ ನಡುವೆ ವ್ಯತ್ಯಾಸ ಕಂಡ ಕೂಡಲೇ ಔಟ್‌ಪುಟ್ಟನ್ನು ಎಳೆದು ಸರಿಮಾಡುತ್ತದೆ. ಹೀಗೆ ಔಟ್‌ಪುಟ್ಟಿನ ಪಾಲನ್ನು ಹಿಂದಕ್ಕೆ ತಂದು ತಪ್ಪು ತಿದ್ದಿಕೊಳ್ಳುವ ನೆಗೆಟಿವ್ ಫೀಡ್‌ಬ್ಯಾಕ್ 1927ರಲ್ಲಿ ಬೆಲ್ ಲ್ಯಾಬೊರೇಟರಿಯ ಹೆರಾಲ್ಡ್ ಬ್ಲ್ಯಾಕ್ ಅವರಿಗೆ ಹೊಳೆಯಿತು. ಕೆಲಸಕ್ಕೆ ಹೋಗಲು ಹಡ್ಸನ್ ನದಿ ದಾಟುತ್ತಿದ್ದ ದೋಣಿಯಲ್ಲಿ, ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆಯೇ ಅವರು ಅದನ್ನು ಗೀಚಿಕೊಂಡರು. ಇವತ್ತು ನಮ್ಮ ಮನೆಗಳ ಬಹುಪಾಲು ಆಂಪ್ಲಿಫೈಯರುಗಳಲ್ಲಿ ಆ ಗೀಚಿನ ಫಲ ಇದೆ. ನನ್ನ ಇಡೀ ಮಾತಿನ ತಿರುಳು ಇಷ್ಟೇ: ಆಫ್‌ಸೆಟ್ ಕಂಡಿತೆಂದರೆ ಈ ತಕ್ಕಡಿಗೆ ಯಾರೋ ಏನೋ ಮಾಡಿದ್ದಾರೆ. ಮೀಟರಿನ ಅಂಕಿಯನ್ನು ಅದುಮಿ ಸೊನ್ನೆ ಮಾಡಲು ಹೋಗದೆ, ಏನು ಮಾಡಿದ್ದಾರೆ ಎಂದು ಓದಿ ತಿಳಿಯಬೇಕು.

ಅಳೆಯುವ ಮೊದಲು ಜೀವದ ಮಾತು. ಸ್ಪೀಕರುಗಳನ್ನು ಕಳಚಿಡಿ. ಮುಚ್ಚಳ ತೆಗೆದ ಆಂಪ್ಲಿಫೈಯರಿನಲ್ಲಿ 230 ವೋಲ್ಟಿನ ತುದಿಗಳು ಬರಿಮೈಯಲ್ಲಿ ಇರುತ್ತವೆ, ಅವನ್ನು ಮುಚ್ಚಿಯೇ ಮುಂದುವರಿಯಿರಿ. ಪ್ಲಗ್ ಕಿತ್ತ ಮೇಲೂ ಸಪ್ಲೈಯ ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವವರನ್ನು ನೋಡಿದ್ದೇನೆ, ಬೇಡ. 220 ಓಮಿನ 10 ವ್ಯಾಟ್ ರೆಸಿಸ್ಟರಿಗೆ ಎರಡು ತಂತಿ ಬೆಸೆದು, ಇನ್ಸುಲೇಶನ್ ಹಾಕಿ ಇಟ್ಟುಕೊಳ್ಳಿ. 10,000 ಮೈಕ್ರೋಫ್ಯಾರಡಿನ ಕೆಪಾಸಿಟರಿಗೆ ಅದನ್ನು ಹತ್ತು ಹನ್ನೆರಡು ಸೆಕೆಂಡು ಹಿಡಿದರೆ ಸಾಕು, ಸದ್ದಿಲ್ಲದೆ ಖಾಲಿಯಾಗುತ್ತದೆ. ಖಾಲಿಯಾಯಿತೇ ಎಂದು ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಇನ್ನೊಂದು, ಸೀರೀಸ್ ಲ್ಯಾಂಪ್. ನಮ್ಮ ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಗೋಡೆಯ ಮೇಲೆ ಇದು ಇದ್ದೇ ಇರುತ್ತಿತ್ತು. ಕರೆಂಟು ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ 60 ಅಥವಾ 100 ವ್ಯಾಟಿನ ಬಲ್ಬು ಸೇರಿಸುವುದು, ಅಷ್ಟೇ. ಹಳೆಯ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸಮಾಧಾನ. ಹೊಳೆಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಬಲ್ಬು ಆ ಶಾಖವನ್ನು ತನ್ನ ಮೇಲೆ ಎಳೆದುಕೊಂಡು ಹೊಸದಾಗಿ ಹಾಕಿದ ಟ್ರಾನ್ಸಿಸ್ಟರುಗಳನ್ನು ಉಳಿಸುತ್ತದೆ. ಈಗ ಅಂಗಡಿಗಳಲ್ಲಿ ಇಂಥ ಬಲ್ಬು ಅಪರೂಪ, ಕಂಡಾಗ ಎರಡು ಕೊಂಡಿಟ್ಟುಕೊಳ್ಳಿ.

ಈಗ ಮೀಟರು. ಮೊದಲು ಸಪ್ಲೈ ನೋಡಿ: ಗ್ರೌಂಡಿನಿಂದ ಪ್ಲಸ್ ಎಷ್ಟು, ಮೈನಸ್ ಎಷ್ಟು. ಎರಡೂ ಹೆಚ್ಚು ಕಡಿಮೆ ಸಮ ಇರಬೇಕು. ಒಂದು ಬದಿಯ ಫ್ಯೂಸ್ ಹೋಗಿದ್ದರೆ ಬೇರೆಲ್ಲ ಹುಡುಕಾಟವೂ ವ್ಯರ್ಥ. ಆಮೇಲೆ ಇನ್‌ಪುಟ್ ಸಾಕೆಟ್ಟನ್ನು ಶಾರ್ಟ್ ಮಾಡಿ, ಸ್ಪೀಕರ್ ತುದಿಗಳಲ್ಲಿ ಡಿ.ಸಿ. ಓದಿ. ಮೊದಲು ದೊಡ್ಡ ರೇಂಜಿನಲ್ಲಿ ಓದಿ, ಚಿಕ್ಕದಿದ್ದರೆ ಮಾತ್ರ 200 ಮಿಲಿವೋಲ್ಟಿಗೆ ಇಳಿಸಿ. ಸ್ಟೀರಿಯೋ ಸೆಟ್ಟಾದರೆ ನಿಮ್ಮ ಅದೃಷ್ಟ ದೊಡ್ಡದು. ಕೆಟ್ಟ ಬದಿಯ ಒಂದೊಂದು ಬಿಂದುವನ್ನೂ ಒಳ್ಳೆಯ ಬದಿಯ ಅದೇ ಬಿಂದುವಿನ ಜೊತೆ ಹೋಲಿಸುತ್ತಾ ಹೋಗಬಹುದು, ಯಾವ ಪುಸ್ತಕವೂ ಇಷ್ಟು ನಿಖರವಾಗಿ ಹೇಳಿಕೊಡದು.

ಅಂಕಿಯ ಗಾತ್ರವೇ ಅರ್ಧ ಉತ್ತರ. ಪೂರ್ತಿ 35 ವೋಲ್ಟ್ ಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಇಲ್ಲವೇ ಫೀಡ್‌ಬ್ಯಾಕ್ ರೆಸಿಸ್ಟರ್ ತೆರೆದುಕೊಂಡಿರಬಹುದು. 2ಎಸ್‌ಸಿ 5200, 2ಎಸ್‌ಎ 1943 ಎಂಬ ಹೆಸರುವಾಸಿ ಜೋಡಿಯ ನಕಲಿಗಳು ಎಲ್ಲ ಕಡೆಯೂ ಓಡಾಡುತ್ತಿವೆ. ಬೆಲೆ ತೀರಾ ಅಗ್ಗವಾಗಿದ್ದರೆ ಅನುಮಾನಿಸಿ, ಒಳಗಿನ ಚಿಪ್ಪು ಸಣ್ಣದಿದ್ದರೆ ಹಾಡು ಜೋರಾದ ದಿನವೇ ಅದು ಹೋಗುತ್ತದೆ. ಒಂದೆರಡು ವೋಲ್ಟ್ ಬಂದರೆ ನಡುವಿನ ಯಾವುದೋ ಸಣ್ಣ ಟ್ರಾನ್ಸಿಸ್ಟರ್ ತಪ್ಪಾಗಿ ಕೂತಿದೆ ಅಥವಾ ಸತ್ತಿದೆ. ನೂರಾರು ಮಿಲಿವೋಲ್ಟ್ ಎಂದರೆ ಬಹುಮಟ್ಟಿಗೆ ಯಾರೂ ಸತ್ತಿಲ್ಲ, ತಕ್ಕಡಿಯ ಲೆಕ್ಕ ಕೆಟ್ಟಿದೆ. ಮಾರ್ಪಾಡು ಮಾಡಿದ ಸೆಟ್ಟುಗಳಲ್ಲಿ ಹೆಚ್ಚು ಕಾಣುವುದು ಈ ಕೊನೆಯ ಬಗೆ.

ಅದಕ್ಕೊಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ತಾನೇ ಕಟ್ಟಿದ ಆಂಪ್ಲಿಫೈಯರ್ ತಂದಿದ್ದ. ಒಳಗೆ ಟಿಡಿಎ 2030 ಐಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇದರ ಬೋರ್ಡು ಕೊಳ್ಳದ ಹವ್ಯಾಸಿ ಇರಲಾರ. "ಸಾರ್, ಆರುನೂರು ಚಿಲ್ಲರೆ ಮಿಲಿವೋಲ್ಟ್ ತೋರಿಸ್ತಿದೆ. ಐಸಿ ಬದಲಾಯಿಸಿದೆ, ಹೊಸದೂ ಹಂಗೇ ತೋರಿಸ್ತಿದೆ" ಅಂದ. ಹೊಸ ಐಸಿಯೂ ಅದೇ ಅಂಕಿ ತೋರಿಸಿತು ಎನ್ನುವುದೇ ಒಳ್ಳೆಯ ಸುಳಿವು. ಐಸಿಯದು ಏನೂ ತಪ್ಪಿಲ್ಲ ಎಂದಾಯಿತು. ಏನೇನು ಬದಲಿಸಿದೆ ಎಂದು ಕೇಳಿದೆ. ಸಿಗ್ನಲ್ ದಾರಿಯಲ್ಲಿ ಕೆಪಾಸಿಟರ್ ಇದ್ದರೆ ಧ್ವನಿ ಮಂಕಾಗುತ್ತದೆ ಎಂದು ಯಾರೋ ಹೇಳಿದ್ದರು. ಇನ್‌ಪುಟ್ಟಿನ 1 ಮೈಕ್ರೋಫ್ಯಾರಡ್ ತೆಗೆದು ತಂತಿ ಹಾಕಿದ್ದ. ಫೀಡ್‌ಬ್ಯಾಕಿನಿಂದ ಗ್ರೌಂಡಿಗೆ ಹೋಗುವ 22 ಮೈಕ್ರೋಫ್ಯಾರಡನ್ನೂ ತಂತಿಯಿಂದ ಶಾರ್ಟ್ ಮಾಡಿದ್ದ. ಜೊತೆಗೆ ಇನ್‌ಪುಟ್ಟಿನ 22 ಕಿಲೋಓಮ್ ರೆಸಿಸ್ಟರಿನ ಜಾಗಕ್ಕೆ 100 ಕಿಲೋಓಮ್ ಬಂದಿತ್ತು.

ಈ ಮೂರು ಬದಲಾವಣೆ ಸೇರಿ ಏನಾಯಿತು ನೋಡಿ. ಈ ಐಸಿಯ ತಯಾರಕರು ಕೊಟ್ಟಿರುವ ಮೂಲ ಸರ್ಕ್ಯೂಟಿನಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರ್ 22 ಕಿಲೋಓಮ್, ಅದರಿಂದ ಗ್ರೌಂಡಿನ ಕಡೆಗೆ 680 ಓಮ್, ಅದರ ಕಾಲಲ್ಲಿ ಆ 22 ಮೈಕ್ರೋಫ್ಯಾರಡ್. ಹಾಡಿನ ಪಾಲಿಗೆ ಕೆಪಾಸಿಟರ್ ತೆರೆದ ಬಾಗಿಲು. ಆದ್ದರಿಂದ ಹಾಡು 33 ಪಟ್ಟು ದೊಡ್ಡದಾಗುತ್ತದೆ. ಡಿ.ಸಿ. ಪಾಲಿಗೆ ಬಾಗಿಲು ಮುಚ್ಚಿದೆ. ಹಾಗಾಗಿ ಡಿ.ಸಿ. ಬರೀ ಒಂದು ಪಟ್ಟು, ಅಂದರೆ ಬಂದಷ್ಟೇ ಹೋಗುತ್ತದೆ. ಇದೇ ಆ ಪುಟ್ಟ ಕೆಪಾಸಿಟರಿನ ದೊಡ್ಡ ಕೆಲಸ. ಅದನ್ನು ಶಾರ್ಟ್ ಮಾಡಿದ ಕ್ಷಣ ಡಿ.ಸಿ.ಯೂ 33 ಪಟ್ಟಾಯಿತು. ಇನ್ನು ರೆಸಿಸ್ಟರು. ಐಸಿಯ ಇನ್‌ಪುಟ್ ಕಾಲಿನಲ್ಲಿ ಸಾಮಾನ್ಯವಾಗಿ 0.2 ಮೈಕ್ರೋಆಂಪಿಯರಿನಷ್ಟು ಬಯಾಸ್ ಕರೆಂಟ್ ಹರಿಯುತ್ತದೆ. ಮೂಲದಲ್ಲಿ ಎರಡೂ ಬದಿಗೆ 22 ಕಿಲೋಓಮ್ ಇದ್ದುದರಿಂದ ಎರಡೂ ಕಡೆ ಸುಮಾರು 4 ಮಿಲಿವೋಲ್ಟ್ ಬಿದ್ದು ಒಂದನ್ನೊಂದು ಸರಿತೂಗಿಸುತ್ತಿದ್ದವು. ಈಗ ಒಂದು ಬದಿಗೆ 100 ಕಿಲೋಓಮ್, ಅಲ್ಲಿ 20 ಮಿಲಿವೋಲ್ಟ್. ಇನ್ನೊಂದು ಬದಿಯಲ್ಲಿ 680 ಓಮೇ ನೇರ ಗ್ರೌಂಡಿಗೆ ಸೇರಿರುವುದರಿಂದ ಹೆಚ್ಚುಕಡಿಮೆ ಏನೂ ಇಲ್ಲ. ಆ 20 ಮಿಲಿವೋಲ್ಟನ್ನು 33ರಿಂದ ಗುಣಿಸಿದರೆ 660. ಹುಡುಗನ ಮೀಟರು ತೋರಿಸುತ್ತಿದ್ದುದೂ ಅದರ ಹತ್ತಿರದ ಅಂಕಿಯನ್ನೇ. ಲೆಕ್ಕ ಹಾಕಿದ ಅಂಕಿಯೂ ಅಳೆದ ಅಂಕಿಯೂ ಒಂದೇ ಕಡೆ ಬಂದು ಕೂತಾಗ ಆಗುವ ಸಂತೋಷ ಈ ಹವ್ಯಾಸದ ಅತಿ ದೊಡ್ಡ ಸುಖ ಎಂದು ನಾನು ನಂಬಿದ್ದೇನೆ.

ಇನ್‌ಪುಟ್ ಸಾಕೆಟ್ಟನ್ನು ಶಾರ್ಟ್ ಮಾಡಿದಾಗ ಅವನ ಅಂಕಿ ನೂರರ ಒಳಗೆ ಇಳಿಯಿತು. ಅದೂ ನ್ಯಾಯವೇ. ಕೆಪಾಸಿಟರ್ ಇಲ್ಲದ ಕಾರಣ ಶಾರ್ಟ್ ನೇರವಾಗಿ ಐಸಿಯ ಕಾಲಿಗೇ ತಲುಪಿ 100 ಕಿಲೋಓಮಿನ ಆಟ ನಿಂತಿತು. ಹೀಗೆ ಇನ್‌ಪುಟ್ ತೆರೆದಾಗ ಒಂದು ಅಂಕಿ, ಮುಚ್ಚಿದಾಗ ಇನ್ನೊಂದು ಬಂದರೆ ಇನ್‌ಪುಟ್ ಕೆಪಾಸಿಟರನ್ನು ಅನುಮಾನಿಸಿ. ಕೆಪಾಸಿಟರ್ ತೆಗೆದ ಸೆಟ್ಟಿನಲ್ಲಿ ವಾಲ್ಯೂಮ್ ಗುಂಡಿ ತಿರುಗಿಸಿದರೂ ಅಂಕಿ ಅಲುಗುತ್ತದೆ, ಕರಕರ ಸದ್ದು ಬರುತ್ತದೆ. 50 ಕಿಲೋಓಮಿನ ಗುಂಡಿಯಾದರೆ, ಸಾಕೆಟ್ಟು ಶಾರ್ಟ್ ಆಗಿರುವಾಗ, ನಡುಬಿಂದುವಿನಲ್ಲಿ ಸರ್ಕ್ಯೂಟಿಗೆ ಕಾಣುವ ರೆಸಿಸ್ಟೆನ್ಸ್ 12.5 ಕಿಲೋಓಮ್, ಎರಡೂ ಕೊನೆಗಳಲ್ಲಿ ಸೊನ್ನೆಯ ಹತ್ತಿರ. ಅಂಕಿ ನಡುವೆ ಏರಿ ಕೊನೆಗಳಲ್ಲಿ ಇಳಿದರೆ ಬೇರೆ ಸಾಕ್ಷಿ ಬೇಡ.

ಧ್ವನಿಯ ಬಗ್ಗೆ ಅವನಿಗಿದ್ದ ಕಾಳಜಿಯನ್ನು ನಾನು ಹಗುರವಾಗಿ ಕಾಣಲಿಲ್ಲ. 680 ಓಮ್ ಮತ್ತು 22 ಮೈಕ್ರೋಫ್ಯಾರಡ್ ಸೇರಿ ಸುಮಾರು 10 ಹರ್ಟ್ಸಿನ ಕೆಳಗೆ ಮಾತ್ರ ಧ್ವನಿಯನ್ನು ತಗ್ಗಿಸುತ್ತವೆ. ಮನುಷ್ಯನ ಕಿವಿ ಶುರುವಾಗುವುದೇ 20 ಹರ್ಟ್ಸಿನಿಂದ. ಅಷ್ಟಕ್ಕೂ ಸಮಾಧಾನ ಆಗದಿದ್ದರೆ 100 ಮೈಕ್ರೋಫ್ಯಾರಡ್ ಹಾಕಲಿ, ಮಿತಿ ಸುಮಾರು 2.3 ಹರ್ಟ್ಸಿಗೆ ಇಳಿಯುತ್ತದೆ. ಇನ್‌ಪುಟ್ಟಿಗೆ ಎಲೆಕ್ಟ್ರೋಲಿಟಿಕ್ ಇಷ್ಟವಿಲ್ಲದಿದ್ದರೆ ಒಳ್ಳೆಯ ಫಿಲ್ಮ್ ಕೆಪಾಸಿಟರ್ ಹಾಕಲಿ. ಉತ್ತಮ ಭಾಗ ಹಾಕುವುದು ಮಾರ್ಪಾಡು, ಭಾಗವನ್ನೇ ಇಲ್ಲವಾಗಿಸುವುದಕ್ಕೆ ಆ ಹೆಸರು ಸಲ್ಲದು. ಎಲ್ಲ ಮೊದಲಿನಂತೆ ಕೂತ ಮೇಲೆ ಬೆರಳೆಣಿಕೆಯ ಮಿಲಿವೋಲ್ಟ್ ಉಳಿಯಿತು.

ಬಿಡಿ ಟ್ರಾನ್ಸಿಸ್ಟರುಗಳ ಸೆಟ್ಟುಗಳಲ್ಲಿ ಬೇರೆಯೇ ಬಲೆ ಇದೆ. ಜಪಾನಿನ ಹಳೆಯ ಸೆಟ್ಟಿನ 2ಎಸ್‌ಎ 992 ಅಥವಾ 2ಎಸ್‌ಎ 970 ಇಲ್ಲಿ ಸಿಗಲಿಲ್ಲವೆಂದು ಬಿಸಿ 556 ಹಾಕುತ್ತಾರೆ, ಇಲ್ಲವೇ 2ಎನ್ 5401. ವೋಲ್ಟೇಜು, ಕರೆಂಟು ಹೊಂದಬಹುದು, ಕಾಲುಗಳ ಕ್ರಮ ಹೊಂದದು. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದು ಎಡದಿಂದ ಓದಿದರೆ ಆ ಜಪಾನಿ ಟ್ರಾನ್ಸಿಸ್ಟರುಗಳದು ಎಮಿಟರ್, ಕಲೆಕ್ಟರ್, ಬೇಸ್. ಬಿಸಿ 556ರದು ಕಲೆಕ್ಟರ್, ಬೇಸ್, ಎಮಿಟರ್. 2ಎನ್ 5401ರದು ಎಮಿಟರ್, ಬೇಸ್, ಕಲೆಕ್ಟರ್. ಮೂರು ಕಡೆಯ ಮೂರು ಸಂಪ್ರದಾಯ. ಕಲೆಕ್ಟರ್ ಮತ್ತು ಎಮಿಟರ್ ಅದಲುಬದಲಾದರೂ ಟ್ರಾನ್ಸಿಸ್ಟರ್ ಯಾವಾಗಲೂ ತಕ್ಷಣ ಸಾಯುವುದಿಲ್ಲ, ತೀರಾ ಕಡಿಮೆ ಗೇನಿನಲ್ಲಿ ಕುಂಟುತ್ತಾ ನಡೆಯುವುದೂ ಉಂಟು. ಹಾಡೂ ಬರುತ್ತದೆ, ಆಫ್‌ಸೆಟ್ಟೂ ಬರುತ್ತದೆ. ಸೆಟ್ಟು ಚಾಲೂ ಇರುವಾಗ ಪ್ರತಿ ಸಣ್ಣ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಅಳೆಯಿರಿ. 0.6 ವೋಲ್ಟಿನ ಆಸುಪಾಸು ಇದ್ದರೆ ಕ್ಷೇಮ, ಸೊನ್ನೆಯೋ ಒಂದು ವೋಲ್ಟಿಗಿಂತ ಹೆಚ್ಚೋ ಇದ್ದರೆ ಅಲ್ಲಿಯೇ ನಿಲ್ಲಿ. ಮೀಟರಿನ ಮೊನೆ ಜಾರಿ ಎರಡು ಕಾಲು ಸೇರದಂತೆ ಕೈ ಗಟ್ಟಿ ಇರಲಿ. ಒಂದು ಜಾರುವಿಕೆ ಸಾಕು, ಇಡೀ ಬದಿ ಹೋಗುತ್ತದೆ.

ಕಾಲು ಸರಿಯಿದ್ದರೂ ಜೋಡಿ ಸಮ ಇರಬೇಕು. ಒಂದರ ಗೇನ್ 200, ಇನ್ನೊಂದರದು 400 ಎನ್ನೋಣ. ಎರಡರಲ್ಲೂ 1 ಮಿಲಿಆಂಪಿಯರ್ ಹರಿಯುತ್ತಿದ್ದರೆ ಒಂದರ ಬೇಸಿಗೆ 5 ಮೈಕ್ರೋಆಂಪಿಯರ್ ಬೇಕು, ಇನ್ನೊಂದಕ್ಕೆ ಎರಡೂವರೆ. ಎರಡೂ ಬದಿಗೆ 10 ಕಿಲೋಓಮ್ ಇದ್ದರೆ ಅಲ್ಲಿಯೇ 25 ಮಿಲಿವೋಲ್ಟ್ ಸಿಕ್ಕಿತು. ಹತ್ತಿಪ್ಪತ್ತು ಟ್ರಾನ್ಸಿಸ್ಟರ್ ಕೊಂಡು, ಮೀಟರಿನ ಗೇನ್ ಸಾಕೆಟ್ಟಿನಲ್ಲಿ ಒಂದೊಂದನ್ನೂ ಅಳೆದು ಜೋಡಿ ಆರಿಸಿ. ಬೆರಳಿನಿಂದ ಹಿಡಿದ ಬಿಸಿಯಲ್ಲಿ ಅಳೆಯಬೇಡಿ, ಅದು ತಣಿಯುವವರೆಗೆ ಕಾಯಿರಿ. ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಬೇಸ್-ಎಮಿಟರ್ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಸರಿಯುತ್ತದೆ. ಅದೇ ಕಾರಣಕ್ಕೆ ಒಳ್ಳೆಯ ಸೆಟ್ಟುಗಳಲ್ಲಿ ಈ ಎರಡರ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿರುತ್ತಾರೆ. ಭಾಗ ಬದಲಿಸುವಾಗ ಆ ಕಟ್ಟು ಬಿಚ್ಚಿ ಹಾಗೆಯೇ ಬಿಟ್ಟವರೇ ಹೆಚ್ಚು. ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದಂತೆ ಅಂಕಿ ಏರಿದರೆ, ಒಂದು ಸ್ಟ್ರಾದಿಂದ ಒಂದೊಂದು ಟ್ರಾನ್ಸಿಸ್ಟರಿನ ಮೇಲೆ ಮೆಲ್ಲಗೆ ಉಸಿರು ಊದಿ ಮೀಟರ್ ನೋಡಿ. ಅಂಕಿ ಜಿಗಿದ ಕಡೆ ಉತ್ತರ ಇದೆ. ತಿರುಗಾಮುರುಗಾ ಕೂತ ಎಲೆಕ್ಟ್ರೋಲಿಟಿಕ್ ಕೂಡ ಹೀಗೆಯೇ ನಿಧಾನವಾಗಿ ಸೋರುತ್ತದೆ, ಪ್ಲಸ್ ಮೈನಸ್ ಗುರುತನ್ನು ಇನ್ನೊಮ್ಮೆ ಪರೀಕ್ಷಿಸಿ.

ಅಂಕಿ ನಿಲ್ಲದೆ ಕುಣಿಯುತ್ತಿದ್ದು, ಹಾಡಿಲ್ಲದೆಯೂ ಹೀಟ್‌ಸಿಂಕ್ ಕಾಯುತ್ತಿದ್ದರೆ ಆಂಪ್ಲಿಫೈಯರ್ ಕಿವಿಗೆ ಕೇಳದ ಎತ್ತರದಲ್ಲಿ ಆಸಿಲೇಟ್ ಆಗುತ್ತಿರಬಹುದು. ಮೀಡಿಯಂ ವೇವ್ ರೇಡಿಯೋ ಹತ್ತಿರ ಇಟ್ಟರೆ ಕೆಲವೊಮ್ಮೆ ಅದರಲ್ಲಿ ಶಿಳ್ಳೆ ಕೇಳಿಸುತ್ತದೆ. ಔಟ್‌ಪುಟ್ಟಿನಿಂದ ಗ್ರೌಂಡಿಗೆ ಇರುವ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಜೋಡಿ ಸುಟ್ಟಿದೆಯೇ ನೋಡಿ.

ಇನ್ನು ಅಡ್ಡದಾರಿಗಳ ವಿಷಯ. ಟ್ರಿಮ್ಮರ್ ಸೇರಿಸಿ ಅಂಕಿಯನ್ನು ಸೊನ್ನೆಗೆ ತಿರುಗಿಸುತ್ತಾರೆ. ಟಿಎಲ್ 071 ಹಾಕಿ ಡಿ.ಸಿ. ಸರ್ವೋ ಕಟ್ಟುತ್ತಾರೆ, ಅದು ಔಟ್‌ಪುಟ್ಟಿನ ಸರಾಸರಿಯನ್ನು ಸದಾ ನೋಡಿ ಸೊನ್ನೆಗೆ ಎಳೆಯುತ್ತದೆ. ವಿನ್ಯಾಸಕಾರ ಮೊದಲೇ ಯೋಚಿಸಿ ಇಟ್ಟಿದ್ದರೆ ಎರಡೂ ಒಳ್ಳೆಯವೇ. ಕಾಯಿಲೆ ಬಂದ ಮೇಲೆ ಸೇರಿಸಿದರೆ ಕಾಯಿಲೆ ಬೆಳೆಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ. ಸೋರುವ ಕೆಪಾಸಿಟರ್ ಇನ್ನಷ್ಟು ಸೋರಿ ಸರ್ವೋ ತನ್ನ ಮಿತಿ ಮುಟ್ಟಿದ ದಿನ ಆಫ್‌ಸೆಟ್ ಒಮ್ಮೆಲೇ ಹೊರಬರುತ್ತದೆ. ಇದಕ್ಕಿಂತಲೂ ನನಗೆ ಸಂಕಟ ತರುವುದು ಸ್ಪೀಕರ್ ರಿಲೇ ಕಿತ್ತುಹಾಕುವುದು. ಅದರ ಕಾಂಟ್ಯಾಕ್ಟ್ ಧ್ವನಿ ಕೆಡಿಸುತ್ತದೆ ಎಂಬುದು ಕಾರಣ. ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಹೊಸ ರಿಲೇ ಹಾಕಿ. ಔಟ್‌ಪುಟ್ಟಿನಲ್ಲಿ ಡಿ.ಸಿ. ಕಂಡೊಡನೆ ಸ್ಪೀಕರನ್ನು ಬಿಡಿಸುವ ಯುಪಿಸಿ 1237ರಂಥ ಐಸಿ ಆ ರಿಲೇಯನ್ನು ನಡೆಸುತ್ತಿರುತ್ತದೆ. ರಿಲೇ ಕಿತ್ತ ಮೇಲೆ ಸ್ಪೀಕರಿಗೂ 35 ವೋಲ್ಟಿಗೂ ನಡುವೆ ಒಂದು ಟ್ರಾನ್ಸಿಸ್ಟರಿನ ಆಯುಸ್ಸು ಬಿಟ್ಟರೆ ಬೇರೇನೂ ಇಲ್ಲ. ಸ್ವಿಚ್ ಹಾಕಿ ಕೆಲವು ಸೆಕೆಂಡು ಕಳೆದರೂ ರಿಲೇಯ ಕ್ಲಿಕ್ ಕೇಳಿಸದಿದ್ದರೆ ಅದನ್ನು ತಂತಿಯಿಂದ ಸೇರಿಸಲು ಹೋಗಬೇಡಿ. ಅದು ಡಿ.ಸಿ. ಕಂಡೇ ಬಾಗಿಲು ತೆರೆಯದೆ ಕೂತಿರಬಹುದು.

ಕಾರಣ ಸಿಕ್ಕಿತು, ಭಾಗ ಬದಲಾಯಿತು ಅನ್ನೋಣ. ಮೊದಲು ಸೀರೀಸ್ ಲ್ಯಾಂಪಿನ ಮೇಲೆ ಓದಿ, ಆಮೇಲೆ ಲ್ಯಾಂಪ್ ತೆಗೆದು ಓದಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಮತ್ತೊಮ್ಮೆ ಓದಿ. ಮೂರೂ ಅಂಕಿ ಹತ್ತಿರ ಹತ್ತಿರ ಇದ್ದರೆ ಹೋದರೂ ಚಿಂತೆಯಿಲ್ಲದ ಹಳೆಯ ಸ್ಪೀಕರೊಂದನ್ನು ಜೋಡಿಸಿ, ಕೋನ್ ಅಲುಗದೆ ನಿಂತಿದೆಯೇ ನೋಡಿ, ಆಮೇಲೆ ನಿಮ್ಮ ಒಳ್ಳೆಯ ಸ್ಪೀಕರ್. 12 ಮಿಲಿವೋಲ್ಟ್ ಉಳಿದಿದ್ದರೆ ಅದನ್ನು ಸೊನ್ನೆ ಮಾಡಲು ಹೋಗಿ ಮತ್ತೆ ಬೆಸುಗೆ ಕಡ್ಡಿ ಹಿಡಿಯಬೇಡಿ, ಅದು ಅಲ್ಲಿಯೇ ಇರಲಿ. ಎಡ ಬಲ ಎರಡರ ಅಂಕಿ, ದಿನಾಂಕ, ಬದಲಿಸಿದ ಭಾಗದ ಹೆಸರು, ತೆಗೆದ ಭಾಗದ ಹೆಸರು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಮುಂದೆ ಅದನ್ನು ಬಿಚ್ಚುವವರಿಗೆ, ಅದು ನೀವೇ ಆಗಿರಬಹುದು, ಎಲ್ಲಿಂದ ಹುಡುಕಾಟ ಶುರುಮಾಡಬೇಕೆಂದು ತಿಳಿಯುತ್ತದೆ.